ನರಕೋಶಜ್ಞಾನದ ಇತಿಹಾಸ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸ್ನಾಯುಗಳು 900 ಎಂದು ಗಣಿತವಾಗಿವೆ. ಅಲ್ಲಿ ಸ್ನಾಯುವೆಂದರೆ ಅಂಗಸಂಧಿಗಳನ್ನು ಬಿಗಿಯುವ ಬಂಧನವೇ ಹೊರತು ವೇದನೆಯನ್ನೊಯ್ಯುವ ನರವಲ್ಲ. ಇಂದು ಈ ಶಬ್ದವು ಬಂಗಾಳಿಯಲ್ಲಿ ನರಕ್ಕೂ ಕನ್ನಡದಲ್ಲಿ ಮಾಂಸಖಂಡಕ್ಕೂ ಸಲ್ಲುತ್ತಿದೆ. ಗ್ರೀಕರ ‘ನ್ಯೂರಾನ್’ ಶಬ್ದಕ್ಕೂ ಮೊದಲು ಕಂಡರ, ಬಿಲ್ಲಿನ ಹೆದೆ ಎಂಬ ಅರ್ಥಗಳೇ ಇದ್ದುವು. ಶಬ್ದಸಾಮ್ಯಮಾತ್ರದಿಂದ ಪ್ರಾಚೀನರ ಶಾರೀರವನ್ನು ನಿರ್ಣಯಿಸುವುದು ಯುಕ್ತವಲ್ಲವೆಂಬುದಕ್ಕೆ ಇದು ನಿದರ್ಶನವು.

1822ರಲ್ಲಿ ಫ್ರಾನ್ಸಿನ ಮಜಾಂದಿಯು, ಬೆನ್ನುಹುರಿಯ ಹಿಂದಣ ನರಮೂಲಗಳು ಸಂವೇದನೆಯನ್ನು ಒಳಕ್ಕೂ, ಮುಂದಣವು ಚಲನಾಜ್ಞೆಯನ್ನು ಹೊರಕ್ಕೂ ಒಯ್ಯುವುವೆಂದು ಪ್ರಯೋಗದಿಂದ ತೋರಿಸಿದನು. ಕಾರ್ಯಭೇದವು ತಿಳಿದರೂ ಕೋಶಗಳ ಪೂರ್ಣಾಕಾರವು ತಿಳಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಹೆಣೆದುಕೊಂಡ ಪೊದೆಯಂತೆ ತೋರುತ್ತಿತ್ತು. 1873ರಲ್ಲಿ ಇಟಲಿಯ ಗಾಲ್ಜಿಯು ಬೆಳ್ಳಿಯ ಲವಣದಿಂದ ಕೆಲವೇ ಕೋಶಗಳನ್ನು ಸಂಪೂರ್ಣವಾಗಿ ಕಪ್ಪಾಗಿಸುವ ವಿಧಾನವನ್ನು ಪ್ರಕಟಿಸಿದನು. ನರತಂತುಗಳೆಲ್ಲ ಕೂಡಿ ಒಂದೇ ಅಖಂಡ ಜಾಲವಾಗಿವೆಯೆಂಬುದು ಅವನ ಮತವಾಗಿತ್ತು. ಸ್ಪೇನಿನ ಕಹಾಲನು ಅದೇ ವಿಧಾನವನ್ನು ಪರಿಷ್ಕರಿಸಿ, 1888ರಲ್ಲಿ ಪಕ್ಷಿಗಳ ಕಿರುಮೆದುಳನ್ನು ಪರೀಕ್ಷಿಸಿ, ಪ್ರತಿಯೊಂದು ಕೋಶವೂ ಪ್ರತ್ಯೇಕವೆಂದು ಸಾರಿದನು. 1891ರಲ್ಲಿ ಜರ್ಮನಿಯ ವಾಲ್ಡೆಯರನು ಈ ಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟನು.

ನರಕೋಶಗಳು ಕಾರ್ಯದಿಂದ ಮೂರು ವಿಧ. ಕಾಲಿಗೆ ಮುಳ್ಳು ತಾಗಿದೊಡನೆ ಜ್ಞಾನವಾಹಿಯು ವಾರ್ತೆಯನ್ನು ಬೆನ್ನುಹುರಿಗೆ ತರುವುದು. ಮಧ್ಯವರ್ತಿಯು ಅದನ್ನು ತಕ್ಕ ಕೋಶಕ್ಕೆ ದಾಟಿಸುವುದು. ಕ್ರಿಯಾವಾಹಿಯು ಮಾಂಸಖಂಡವನ್ನು ಸಂಕೋಚಗೊಳಿಸಿ ಕಾಲನ್ನು ಹಿಂದೆಗೆಸುವುದು. ಕೋಶಗಳು ಬೇರೆಬೇರೆಯಾದರೆ ವಾರ್ತೆಯು ಒಂದರಿಂದ ಮತ್ತೊಂದಕ್ಕೆ ದಾಟುವ ಸ್ಥಾನವೊಂದು ಇರಬೇಕಷ್ಟೆ; ಆ ಸಂಧಿಸ್ಥಾನಕ್ಕೆ ಇಂಗ್ಲೆಂಡಿನ ಶೆರಿಂಗ್ಟನ್ನನು 1897ರಲ್ಲಿ ‘ಸಿನಾಪ್ಸ್’ ಎಂಬ ಹೆಸರನ್ನು ಬಳಕೆಗೆ ತಂದನು.

1906ರಲ್ಲಿ ಗಾಲ್ಜಿ, ಕಹಾಲರಿಬ್ಬರಿಗೂ ನೊಬೆಲ್ ಪಾರಿತೋಷಕವು ಒಟ್ಟಿಗೆ ದೊರೆಯಿತು. ಆ ಸಂದರ್ಭದ ಉಪನ್ಯಾಸದಲ್ಲಿಯೂ ಗಾಲ್ಜಿಯು ಪ್ರತ್ಯೇಕಕೋಶವಾದವನ್ನು ಖಂಡಿಸಿದನು. ವಿಧಾನವು ಇಬ್ಬರಿಗೂ ಒಂದೇ. ಕಂಡುದರಿಂದ ಮಾಡಿದ ಅನುಮಾನದಲ್ಲಿ ಮಾತ್ರ ಭೇದವು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸಂಧಿಸ್ಥಾನದ ಬಿರುಕನ್ನು ಪ್ರತ್ಯಕ್ಷಗೊಳಿಸಿತು. ಅದರ ಅಗಲವು ಮಿಲಿಮೀಟರಿನ ಸುಮಾರು 50,000ದಲ್ಲೊಂದು ಭಾಗ. ಹೀಗೆ ಕಹಾಲನ ಪಕ್ಷವು ಸಿದ್ಧವಾಯಿತು. ಆದರೂ ಕೆಲವು ಸಂಧಿಗಳಲ್ಲಿ ಕೋಶದಿಂದ ಕೋಶಕ್ಕೆ ನೇರವಾದ ಸೂಕ್ಷ್ಮದ್ವಾರಗಳಿರುವುದೂ ಅನಂತರ ತಿಳಿದುಬಂದಿತು. ಆದುದರಿಂದ ಪ್ರತ್ಯೇಕತೆಯು ಸಾಮಾನ್ಯನಿಯಮವೆಂದೂ, ಈ ದ್ವಾರಗಳು ಅದರ ಅಪವಾದವೆಂದೂ ಗ್ರಹಿಸತಕ್ಕದ್ದು.