ಒಂದೇ ಪ್ರತಿ

ಕಳೆದ ಕಾರ್ತಿಕದ ಒಂದು ರಾತ್ರಿ ನನ್ನ ಕಂಪ್ಯೂಟರಿನ ಒಳಗಿನಿಂದ ‘ಟಿಕ್, ಟಿಕ್’ ಎಂದು ಸದ್ದು ಬರತೊಡಗಿತು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತೆಂದು ಮೊದಲು ತಿಳಿದೆ. ಹಲ್ಲಿಯಾದರೆ ತನ್ನ ಶಕುನ ಹೇಳಿ ಸುಮ್ಮನಾಗುತ್ತದೆ, ಇದು ಸುಮ್ಮನಾಗಲಿಲ್ಲ. ಚಿತ್ರವೊಂದನ್ನು ತೆರೆಯಹೋದರೆ ಯಂತ್ರ ಬಹಳ ಹೊತ್ತು ತಡಕಾಡಿ, ಓದಲಾಗದೆಂದು ಕೈಚೆಲ್ಲಿತು.

ಆ ಹಾರ್ಡ್ ಡಿಸ್ಕಿನಲ್ಲಿ ಇದ್ದುದು ಹನ್ನೊಂದು ವರ್ಷಗಳ ಕಾಲ, ರಜೆ ಸಿಕ್ಕಾಗಲೆಲ್ಲ, ಹಾಸನದ ಕಡೆಯ ಹಳ್ಳಿಗಳನ್ನು ಸುತ್ತಿ ನಾನು ತೆಗೆದ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರಗಳು. ಅವುಗಳಲ್ಲಿ ಒಂದು ಕಲ್ಲು ಈಗ ಇಲ್ಲ. ಕೆರೆಯ ಏರಿ ದುರಸ್ತಿ ಮಾಡುವಾಗ ಒಡೆದು ಕಟ್ಟಡಕ್ಕೆ ಸೇರಿಸಿಬಿಟ್ಟರೆಂದು ಊರವರು ಹೇಳಿದರು. ಅದರ ಶಾಸನವನ್ನು ನಾನು ಬರೆದುಕೊಂಡಿರಲಿಲ್ಲ. ಚಿತ್ರವಿದೆಯಲ್ಲ, ನಿಧಾನವಾಗಿ ಓದಿದರಾಯಿತು ಎಂದು ಬಿಟ್ಟಿದ್ದೆ.

“ಬ್ಯಾಕಪ್ ಇಟ್ಟಿದ್ದೀರಾ ಅಪ್ಪಾ?” ಎಂದಳು ಮಗಳು.

ಇಟ್ಟಿದ್ದೇನೆ ಎಂದೆ. ಸುಳ್ಳೇನೂ ಅಲ್ಲ. ಅದೇ ಡಿಸ್ಕಿನಲ್ಲಿ ಬೇರೆ ಹೆಸರಿನ ಫೋಲ್ಡರೊಂದನ್ನು ಮಾಡಿ, ಎಲ್ಲವನ್ನೂ ಎರಡನೆಯ ಸಲ ತುಂಬಿಟ್ಟಿದ್ದೆ! ಮನೆಯ ಎರಡು ಬೀಗದ ಕೈಗಳನ್ನೂ ಒಂದೇ ದಾರಕ್ಕೆ ಕಟ್ಟಿ ಬಾವಿಗೆ ಬೀಳಿಸಿದಂತಾಯಿತು.

ಈ ತಟ್ಟೆಯ ಕುಲಗೋತ್ರವನ್ನು ನಾನು ವಿಚಾರಿಸಿದ್ದು ಆಮೇಲೆ. ೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯವರು ಇಂಥ ಮೊದಲ ಯಂತ್ರವನ್ನು ಹೊರತಂದರು. ರೆನಾಲ್ಡ್ ಜಾನ್ಸನ್ ಎಂಬುವರ ನಾಯಕತ್ವದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ಪಟ್ಟಣದಲ್ಲಿ ಅದು ರೂಪುಗೊಂಡಿತು. ಇಪ್ಪತ್ತನಾಲ್ಕು ಅಂಗುಲ ಅಗಲದ ಐವತ್ತು ತಟ್ಟೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಇಷ್ಟೆಲ್ಲ ಆಡಂಬರಕ್ಕೆ ಅದರಲ್ಲಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರ; ಇಂದಿನ ಫೋನಿನಲ್ಲಿ ತೆಗೆದ ಒಂದು ದೊಡ್ಡ ಚಿತ್ರಕ್ಕೆ ಸಾಲದು. ತಟ್ಟೆಗೆ ಕಾಂತಗುಣದ ಬಣ್ಣವನ್ನು ಸಮನಾಗಿ ಬಳಿಯುವುದೇ ಅವರಿಗೆ ದೊಡ್ಡ ಸಮಸ್ಯೆಯಾಗಿತ್ತು. ಕೊನೆಗೆ ಹೆಂಗಸರ ಕಾಲುಚೀಲದ ಬಟ್ಟೆಯಲ್ಲಿ ಬಣ್ಣವನ್ನು ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವಿಗೆ ಸುರಿದರಂತೆ. ಅದು ನೀರುದೋಸೆಯ ಹಿಟ್ಟಿನಂತೆ ತಾನಾಗಿ ಹರಡಿಕೊಂಡಿತು.

ಅಂದಿನಿಂದ ತಟ್ಟೆ ಚಿಕ್ಕದಾಗುತ್ತ ಬಂತು, ಹಿಡಿಸುವ ಮಾಲು ಹಿಗ್ಗುತ್ತ ಹೋಯಿತು. ಮೂಲತತ್ತ್ವ ಮಾತ್ರ ಬದಲಾಗಲಿಲ್ಲ. ತಿರುಗುವ ತಟ್ಟೆಯ ಮೇಲೆ, ಅದನ್ನು ಮುಟ್ಟದೆ, ಗಾಳಿಯ ತೆಳು ಪದರದ ಮೇಲೆ ಓದುವ ತಲೆಯೊಂದು ತೇಲುತ್ತಿರಬೇಕು. ಈಗಿನ ಡಿಸ್ಕುಗಳಲ್ಲಿ ಆ ಅಂತರ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ತಲೆ ತಟ್ಟೆಗೆ ತಗುಲಿದರೆ ಮೇಲಿನ ಲೇಪ ಕೆರೆದುಹೋಗುತ್ತದೆ. ಲೇಪದೊಡನೆ ಅಕ್ಷರವೂ ಹೋಗುತ್ತದೆ. ನಾನು ಕೇಳಿದ ‘ಟಿಕ್’ ಸದ್ದು, ದಾರಿಯ ಗುರುತು ಸಿಗದ ತಲೆ ತನ್ನ ಮೂಲೆಗೆ ಹಿಂದಿರುಗಿ ಮತ್ತೆ ಮತ್ತೆ ಹೊರಡುವ ಸದ್ದು.

ಮರುದಿನ ಮೈಸೂರಿನ ಒಂದು ಅಂಗಡಿಗೆ ಅದನ್ನು ಒಯ್ದೆ. ಅಲ್ಲಿದ್ದ ಹುಡುಗ ಕಿವಿಗಿಟ್ಟು ಕೇಳಿ, “ರಾತ್ರಿಯಿಂದ ಎಷ್ಟು ಸಲ ಆನ್ ಮಾಡಿದ್ರಿ ಸಾರ್?” ಎಂದ.

“ಏಳೆಂಟು ಸಲ.”

“ಅಯ್ಯೋ, ಒಂದೇ ಸಲಕ್ಕೆ ನಿಲ್ಲಿಸಬೇಕಿತ್ತು ಸಾರ್. ಇದರ ಇನ್ನೊಂದು ಪ್ರತಿ ಎಲ್ಲಿದೆ?”

ನಾನು ಅದೇ ಡಿಸ್ಕನ್ನು ತೋರಿಸಿದೆ. ಅವನು ನಗಲಿಲ್ಲ, ದಿನವೂ ನೋಡುವ ಸಂಗತಿಯಿರಬೇಕು. ನನ್ನ ಮುಖ ನೋಡಿ ಧೈರ್ಯಕ್ಕೆಂದು ಕೊಲಂಬಿಯ ನೌಕೆಯ ಕಥೆ ಹೇಳಿದ. ಕಲ್ಪನಾ ಚಾವ್ಲಾ ಮತ್ತು ಆರು ಜನ ಸಂಗಾತಿಗಳು ಮಡಿದ ಆ ನೌಕೆ ೨೦೦೩ರಲ್ಲಿ ಆಕಾಶದಲ್ಲೇ ಚೂರಾಯಿತಷ್ಟೆ. ಟೆಕ್ಸಾಸಿನ ಒಣಗಿದ ಕೆರೆಯೊಂದರಲ್ಲಿ ಸುಟ್ಟು ಕರಕಾದ ಹಾರ್ಡ್ ಡಿಸ್ಕೊಂದು ಸಿಕ್ಕಿತು. ತಟ್ಟೆಗಳು ಸೊಟ್ಟಗಾಗಿರಲಿಲ್ಲ, ಕೆಟ್ಟ ಭಾಗದಲ್ಲಿ ಪುಣ್ಯವಶಾತ್ ಏನೂ ಬರೆದಿರಲಿಲ್ಲ. ನೂರಕ್ಕೆ ೯೯ರಷ್ಟು ಮಾಹಿತಿ ಕೈಗೆ ಬಂದು, ಜೆನಾನ್ ಅನಿಲದ ಮೇಲೆ ನಡೆಸಿದ್ದ ಪ್ರಯೋಗದ ಫಲ ೨೦೦೮ರಲ್ಲಿ ಅಚ್ಚಾಯಿತು. ಕಥೆ ನಿಜ. ಆದರೆ ನನ್ನ ತಟ್ಟೆ ತುಂಬಿತ್ತು.

ಪ್ರತಿ ಇದೆಯೆಂದು ನಂಬಿ ಕುಳಿತವರ ಪಾಡೂ ಸುಖವಲ್ಲ. ೧೯೯೮ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಚಲನಚಿತ್ರದ ಕೆಲಸ ನಡೆದಿತ್ತು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಪಾತ್ರಗಳು ನೋಡುನೋಡುತ್ತಿದ್ದಂತೆ ಅಳಿಸಿಹೋಗತೊಡಗಿದವು. ಟೇಪಿನಲ್ಲಿ ಬ್ಯಾಕಪ್ ಇತ್ತು. ತೆಗೆದು ನೋಡಿದರೆ ಅದು ಸರಿಯಾಗಿ ದಾಖಲಾಗಿರಲೇ ಇಲ್ಲ. ಯಾರೂ ಅದನ್ನು ತಿರುಗಿ ಓದಿ ನೋಡಿರಲಿಲ್ಲ. ಗ್ಯಾಲಿನ್ ಸಸ್ಮನ್ ಎಂಬಾಕೆ ಬಾಣಂತಿಯಾಗಿ ಮನೆಯಿಂದಲೇ ಕೆಲಸ ಮಾಡಲೆಂದು ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿದ್ದಳು. ಆ ಕಂಪ್ಯೂಟರಿಗೆ ಕಂಬಳಿ ಹೊದಿಸಿ, ಕಾರಿನ ಹಿಂದಿನ ಆಸನದಲ್ಲಿ ಕೂಸಿನಂತೆ ಕೂರಿಸಿ ಕಚೇರಿಗೆ ತಂದರು. ಅವಧಾನದಿಂದ ಮಾಡಿದ ಬ್ಯಾಕಪ್ ಕೈಕೊಟ್ಟಿತು. ಬಾಣಂತನದ ನೆಪದಿಂದ ಹುಟ್ಟಿದ ಪ್ರತಿ ಕಾಪಾಡಿತು.

ಇದನ್ನು ಓದುವಾಗ ನನಗೆ ನೆನಪಾದವಳು ನಮ್ಮ ಅತ್ತಿಮಬ್ಬೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ದಾನಚಿಂತಾಮಣಿಯೆಂದು ಹೊಗಳಿ ಮುಂದೆ ಹೋಗುತ್ತೇವೆ. ನನಗೆ ಈಗ ಅದರಲ್ಲಿ ದಾನಕ್ಕಿಂತ ಲೆಕ್ಕಾಚಾರ ಹೆಚ್ಚಾಗಿ ಕಾಣುತ್ತದೆ. ತಾಳೆಗರಿಗೆ ಗೆದ್ದಲು, ಬೆಂಕಿ, ಮಳೆಗಾಲದ ಶೀತ, ಎಲ್ಲವೂ ಶತ್ರು. ಆದರೆ ಸಾವಿರ ಬೇರೆ ಬೇರೆ ಮನೆಗಳಲ್ಲಿ, ಬಸದಿಗಳಲ್ಲಿ ಕುಳಿತ ಪುಸ್ತಕವನ್ನು ಒಂದು ಗೆದ್ದಲು ತಿನ್ನಲಾರದು. ಅಷ್ಟೇ ಅಲ್ಲ, ಓದುವವನ ಮನೆಗೆ ಹೋದ ಪ್ರತಿ ಸರಿಯಿದೆಯೋ ಇಲ್ಲವೋ ಎಂಬುದು ಓದಿದಾಗಲೆಲ್ಲ ಗೊತ್ತಾಗುತ್ತಿರುತ್ತದೆ. ಅದೇ ಪೊನ್ನ ಭುವನೈಕರಾಮಾಭ್ಯುದಯವೆಂಬ ಇನ್ನೊಂದು ಕಾವ್ಯವನ್ನೂ ಬರೆದ. ಶಾಂತಿಪುರಾಣ ನಮ್ಮ ಕೈಯಲ್ಲಿದೆ, ಅದು ಇಲ್ಲ. ಇದೊಂದೇ ಕಾರಣವೆಂದು ನಾನು ಹಠ ಹಿಡಿಯಲಾರೆ. ಆದರೂ ಒಬ್ಬನೇ ಕವಿಯ ಎರಡು ಪುಸ್ತಕಗಳ ಹಣೆಬರಹ ಇಷ್ಟು ಬೇರೆಯಾದುದನ್ನು ಕಂಡಾಗ ಆ ಸಾವಿರ ಪ್ರತಿಯ ಕಡೆಗೇ ಮನಸ್ಸು ಹೋಗುತ್ತದೆ.

ಹಾರ್ಡ್ ಡಿಸ್ಕು ಮುನ್ಸೂಚನೆ ಕೊಟ್ಟೇ ಕೆಡುತ್ತದೆಂದು ನಂಬಿ ಕೂರುವಂತೆಯೂ ಇಲ್ಲ. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಯ ಗುರುತುಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನನ್ನದು ಪಾಪ, ‘ಟಿಕ್’ ಎಂದಾದರೂ ಹೇಳಿತು.

ಹುಡುಗ ಡಿಸ್ಕಿನೊಳಗಿನ ಕಡತಗಳನ್ನು ಒಂದೊಂದಾಗಿ ತೆರೆಯುವ ಗೋಜಿಗೇ ಹೋಗಲಿಲ್ಲ. ಇಡೀ ತಟ್ಟೆಯನ್ನು ಇದ್ದುದಿದ್ದಂತೆ ಬೇರೊಂದು ಡಿಸ್ಕಿಗೆ ಇಳಿಸತೊಡಗಿದ. ಸಲೀಸಾಗಿ ಓದಿಸಿಕೊಳ್ಳುವ ಭಾಗಗಳನ್ನು ಮೊದಲು, ಹಟಮಾರಿ ಭಾಗಗಳನ್ನು ಕೊನೆಗೆ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅದು ತಿರುಗುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಬಹುಪಾಲು ಚಿತ್ರಗಳು ಈಚೆ ಬಂದಿದ್ದವು. ಈಗ ಅವುಗಳ ಒಂದು ಪ್ರತಿ ನನ್ನಲ್ಲಿದೆ, ಒಂದು ಧಾರವಾಡದಲ್ಲಿ ತಂಗಿಯ ಮನೆಯಲ್ಲಿದೆ. ತಿಂಗಳಿಗೊಮ್ಮೆ ನಾಲ್ಕು ಚಿತ್ರ ತೆರೆದು ನೋಡಬೇಕೆಂದು ಅವಳಿಗೆ ಹೇಳಿದ್ದೇನೆ. ಬೈದುಕೊಂಡೇ ನೋಡುತ್ತಾಳೆ.

ಆ ಕೆರೆ ಏರಿಯ ವೀರಗಲ್ಲಿನ ಚಿತ್ರವೂ ಬಂತು, ಅರ್ಧ. ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗ, ಎದುರಿಗೆ ನಂದಿ. ಅದರ ಕೆಳಗೆ ವೀರನನ್ನು ಎರಡು ಕಡೆಯಿಂದ ಹಿಡಿದು ಸ್ವರ್ಗಕ್ಕೆ ಒಯ್ಯುತ್ತಿರುವ ಅಪ್ಸರೆಯರು. ಅಲ್ಲಿಂದ ಕೆಳಗೆ ಬರೀ ಬೂದುಬಣ್ಣ. ಶಾಸನದ ಮೊದಲ ಸಾಲು ಕಾಣುತ್ತದೆ. ‘ಸ್ವಸ್ತಿ’ ಎಂದು ತೊಡಗಿ, ಸಂವತ್ಸರದ ಹೆಸರು ಬರುವ ಮೊದಲೇ ನಿಲ್ಲುತ್ತದೆ. ಅವನ ಹೆಸರು, ಅವನ ಊರು, ಯಾರ ತುರುಗಳಿಗಾಗಿ ಕಾದಿ ಸತ್ತನೆಂಬುದು, ಎಲ್ಲ ಆ ಬೂದುಬಣ್ಣದ ಕಡೆಗಿದೆ.