ಕೋಲು ಮುಟ್ಟಬಾರದ ಗೆಳೆಯರು

1898ರ ಜೂನ್ 1. ಕ್ಯಾಲಿಫೋರ್ನಿಯಾ ಕರಾವಳಿಯಿಂದ ಸುಮಾರು 35 ಕಿಲೋಮೀಟರ್ ಆಚೆಗಿರುವ ಸಾಂಟಾ ಕ್ಯಾಟಲೀನಾ ದ್ವೀಪದ ಬಳಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬ ನಿಸರ್ಗ ಲೇಖಕನ ಗಾಳಕ್ಕೆ ಟ್ಯೂನಾ ಒಂದು ಬಿತ್ತು. ಮುಂದಿನ ಮೂರೂಮುಕ್ಕಾಲು ಗಂಟೆ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು. ಮೀನು ದೋಣಿಯನ್ನೇ ಎಳೆದುಕೊಂಡು ಹತ್ತು ಮೈಲಿಯಷ್ಟು ಸುತ್ತಾಡಿಸಿತು. ಕೊನೆಗೆ ದಡಕ್ಕೆ ಬಂದ ಮೀನಿನ ತೂಕ 183 ಪೌಂಡ್, ಅಂದರೆ 83 ಕೆ.ಜಿ. ನಮ್ಮ ಬಂಗುಡೆ, ಅಂಜಲ್‌ಗಳ ಕುಟುಂಬಕ್ಕೇ ಸೇರಿದ ಈ ಮೀನು ಕೋಲು, ರೀಲು, ತೆಳು ದಾರಕ್ಕೆ ಮಣಿದೀತೆಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿರಲಿಲ್ಲ.

ಹೋಲ್ಡರ್‌ನ ಹೆಸರು ಇತಿಹಾಸಕ್ಕೆ ಸೇರಿತು. ದೋಣಿಯಲ್ಲಿ ಜೊತೆಗಿದ್ದವನು ಜಿಮ್ ಗಾರ್ಡ್ನರ್. ದಾರ ಹರಿಯದಂತೆ, ದೋಣಿ ಮಗುಚದಂತೆ, ಮೀನು ತಳಕ್ಕಿಳಿದು ಕೂರದಂತೆ ನೋಡಿಕೊಳ್ಳುವುದು ಅವನ ಕೆಲಸ. ಈ ಆಟದ ಒಂದು ಶತಮಾನದ ಕತೆಯನ್ನು ಓದುತ್ತ ಹೋದರೆ ಎಲ್ಲ ಜಗಳಗಳೂ ಈ ಇಬ್ಬರ ನಡುವಿನ ಗೆರೆಯ ಬಗ್ಗೆಯೇ ಎದ್ದಂತೆ ಕಾಣುತ್ತದೆ: ದೋಣಿಯಲ್ಲಿರುವ ಉಳಿದವರು ಎಷ್ಟು ಸಹಾಯ ಮಾಡಬಹುದು, ಎಲ್ಲಿ ಕೈ ಹಿಂದೆಗೆಯಬೇಕು?

ಹೋಲ್ಡರ್‌ನಿಗೆ ಮೀನು ಹಿಡಿಯುವುದಕ್ಕಿಂತ ಮೀನು ಹಾಳಾಗುವುದರ ಚಿಂತೆ ದೊಡ್ಡದಾಗಿತ್ತು. 1880ರ ದಶಕದಲ್ಲಿ ಆತ ಕ್ಯಾಟಲೀನಾಕ್ಕೆ ಬಂದಾಗ ಪ್ರವಾಸಿಗರು ದಪ್ಪ ಹಗ್ಗಕ್ಕೆ ಗಾಳ ಕಟ್ಟಿ, ಬಾವಿಯಿಂದ ನೀರು ಸೇದಿದ ಹಾಗೆ ಮೀನು ಸೇದಿ, ತಿನ್ನಲಾಗದ್ದನ್ನು ಎಸೆಯುತ್ತಿದ್ದರು. ತನ್ನ ಟ್ಯೂನಾ ಹಿಡಿದ ಎರಡು ವಾರದೊಳಗೆ ಆತ ಗೆಳೆಯರನ್ನು ಕೂಡಿಸಿಕೊಂಡು ದ್ವೀಪದ ಆವಲಾನ್ ಊರಿನಲ್ಲಿ ಟ್ಯೂನಾ ಕ್ಲಬ್ ಕಟ್ಟಿದ. ನೂರು ಪೌಂಡಿಗಿಂತ ಭಾರದ ಟ್ಯೂನಾ ಹಿಡಿದವನಿಗೆ ನೀಲಿ ಬಿಲ್ಲೆ. ಆದರೆ ನಿಯಮಗಳು ಬಿಗಿ. ನಾರಗಸೆಯ ದಾರ 24 ಎಳೆ ಮೀರಬಾರದು. ಒದ್ದೆಯಾದಾಗ ಎಳೆಗೆ ಸುಮಾರು 3 ಪೌಂಡಿನ ಲೆಕ್ಕದಲ್ಲಿ 70 ಪೌಂಡಿನ ಆಸುಪಾಸಿನ ಸೆಳೆತಕ್ಕೆ ಅದು ಹರಿದುಹೋಗುತ್ತದೆ. ಮುಖ್ಯವಾದ ಷರತ್ತು ಇನ್ನೊಂದು: ಕೊಕ್ಕೆ ಹಾಕುವ ದೂರಕ್ಕೆ ಮೀನು ಬರುವ ತನಕ ಗಾಳ ಹಾಕಿದವನು ಒಬ್ಬನೇ ಹೋರಾಡಬೇಕು. ಗೆಳೆಯ ಹುರಿದುಂಬಿಸಬಹುದು, ನೀರು ಕುಡಿಸಬಹುದು. ಕೋಲು ಮುಟ್ಟುವಂತಿಲ್ಲ.

ಮರುವರ್ಷವೇ ಕರ್ನಲ್ ಮೋರ್‌ಹೌಸ್ ಎಂಬಾತ 251 ಪೌಂಡಿನ ಟ್ಯೂನಾ ತಂದ. ಆಗಿನ ರೀಲುಗಳನ್ನು ನೋಡಿದರೆ ಇದು ಸಾಹಸವೇ ಸರಿ. ಮೀನು ಓಡಿದರೆ ರೀಲಿನ ಹಿಡಿ ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತಿತ್ತು, ಬೆರಳು ಅಡ್ಡ ಬಂದರೆ ಗೆಣ್ಣು ಪುಡಿ. ದಾರಕ್ಕೆ ತಡೆ ಕೊಡಲು ಇದ್ದದ್ದು ಹೆಬ್ಬೆರಳಿನಿಂದ ಒತ್ತುವ ಒಂದು ಚರ್ಮದ ತುಂಡು. ವಿಲಿಯಂ ಬೋಶೆನ್ ಎಂಬ ಕ್ಲಬ್ ಸದಸ್ಯನ ಕಲ್ಪನೆಯಂತೆ ಜೂಲಿಯಸ್ ವಾಮ್ ಹೋಫೆ ಒಳಗೇ ತಡೆಬಿಲ್ಲೆಗಳಿರುವ ರೀಲು ತಯಾರಿಸಿದ ಮೇಲೆ ಆಟ ಬದಲಾಯಿತು. ಹಿಡಿ ತಿರುಗದೆಯೇ ದಾರ ಬಿಗಿಯಾಗಿ ಜಾರುತ್ತ ಹೋಗುವ ಈ ಏರ್ಪಾಟು ಇಂದಿನ ರೀಲುಗಳಲ್ಲೂ ಇದೆ. 1913ರಲ್ಲಿ ಬೋಶೆನ್ 355 ಪೌಂಡಿನ ಕತ್ತಿಮೀನು ಹಿಡಿದ. ಕೋಲು-ರೀಲಿಗೆ ಸಿಕ್ಕ ಮೊದಲ ಕತ್ತಿಮೀನು ಅದೇ.

ಅಂದು ದೋಣಿ ನಡೆಸಿದವನು ಜಾರ್ಜ್ ಫಾರ್ನ್ಸ್‌ವರ್ತ್. ಇವನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಲಿಸುವ ದೋಣಿಯ ಹಿಂದೆ ಎರೆಯನ್ನು ಎಳೆದುಕೊಂಡು ಹೋಗುವುದೇ ಈ ಬೇಟೆಯ ಮೂಲ ವಿಧಾನ. ಎರೆ ಹೆಚ್ಚಾಗಿ ಹಾರುಮೀನು. ದೋಣಿಗಳಿಗೆ ಎಂಜಿನ್ ಬಂದ ಮೇಲೆ ಟ್ಯೂನಾಗಳು ಬೆದರಿ ದೂರ ಸರಿಯತೊಡಗಿದವು. 1909ರ ಸುಮಾರಿಗೆ ಫಾರ್ನ್ಸ್‌ವರ್ತ್ ದೋಣಿಯಿಂದ ಗಾಳಿಪಟ ಹಾರಿಸಿ, ಗಾಳದ ದಾರವನ್ನು ಅದಕ್ಕೆ ತೂಗುಹಾಕಿದ. ದೋಣಿಯಿಂದ ಎಷ್ಟೋ ದೂರದಲ್ಲಿ, ದಾರದ ನೆರಳೂ ನೀರಿಗೆ ಬೀಳದಂತೆ, ಸತ್ತ ಹಾರುಮೀನು ಅಲೆಯಿಂದ ಅಲೆಗೆ ಬದುಕಿದ್ದಂತೆಯೇ ನೆಗೆಯಿತು. ಮೊದಮೊದಲು ಆತ ಇದನ್ನು ಗುಟ್ಟಾಗಿಟ್ಟ. ಪೆಸಿಫಿಕ್ ದ್ವೀಪಗಳ ಜನ ಎಲೆಯ ಪಟ ಹಾರಿಸಿ ಮೀನು ಹಿಡಿಯುವುದನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು, ಅದು ಬೇರೆ ಮಾತು. ಬಿಲ್ಲೆ ಮಾತ್ರ ಪಟ ಹಾರಿಸಿದವನಿಗಲ್ಲ, ರೀಲು ಸುತ್ತಿದವನಿಗೆ.

ಕೌಬಾಯ್ ಕಾದಂಬರಿಗಳಿಂದ ಹಣ ಮಾಡಿದ ಝೇನ್ ಗ್ರೇ ಕ್ಲಬ್ಬಿಗೆ ಬಂದದ್ದು ಈ ಹೊತ್ತಿಗೆ. 1920ರಲ್ಲಿ ಆತ 418 ಪೌಂಡಿನ ಕತ್ತಿಮೀನು ಹಿಡಿದು ಊರೆಲ್ಲ ಹೇಳಿಕೊಂಡ. ಮರುವರ್ಷ ಕೀತ್ ಸ್ಪಾಲ್ಡಿಂಗ್ ಎಂಬವರ ಪತ್ನಿ 426 ಪೌಂಡಿನದನ್ನು ತಂದಳು. ಎಂಟೇ ಪೌಂಡು ಹೆಚ್ಚು. ಅಷ್ಟು ದೊಡ್ಡ ಮೀನನ್ನು ಆಕೆ ಒಬ್ಬಳೇ ಹಿಡಿದಿರಲಾರಳು, ಯಾರೋ ಕೈ ಸೇರಿಸಿರಬೇಕು ಎಂಬ ಧಾಟಿಯಲ್ಲಿ ಗ್ರೇ ಮಾತಾಡಿದನೆಂದೂ, ಕ್ಷಮೆ ಕೇಳಬೇಕೆಂದು ಕ್ಲಬ್ ಪಟ್ಟು ಹಿಡಿದಾಗ ಸದಸ್ಯತ್ವ ಬಿಟ್ಟನೆಂದೂ ಆವಲಾನ್‌ನಲ್ಲಿ ಇಂದಿಗೂ ಹೇಳುತ್ತಾರೆ. ಗಂಡಸರ ಬಿಂಕಕ್ಕೆ ಇಷ್ಟು ಚೊಕ್ಕ ಅಳತೆ ಬೇರೆ ಆಟದಲ್ಲಿ ಸಿಗುವುದು ಅಪರೂಪ.

ಗ್ರೇ ನ್ಯೂಜಿಲೆಂಡಿಗೆ ಹೋದ, ಟಹೀಟಿಗೆ ಹೋದ. 1930ರಲ್ಲಿ ಟಹೀಟಿಯಲ್ಲಿ ಆತ ಹಿಡಿದ ಮಾರ್ಲಿನ್ ಎಂಬ ಭಾರಿ ಮೀನು, ಶಾರ್ಕ್‌ಗಳು ಕಚ್ಚಿ ಹರಿದ ಮೇಲೂ, 1,040 ಪೌಂಡ್ ತೂಗಿತು. ಶಾರ್ಕ್ ತಿಂದ ಮೀನು ದಾಖಲೆಗೆ ಸಲ್ಲದು: ಬೇರೆಯವರ ಕೈ ಸೋಕಬಾರದೆಂಬ ನಿಯಮ ಇಲ್ಲಿ ಬೇರೆಯವರ ಹಲ್ಲಿಗೂ ಅನ್ವಯಿಸುತ್ತದೆ. ಬಹಾಮಾದ ಬಿಮಿನಿ ದ್ವೀಪದಲ್ಲಿ ಇದೇ ದೊಡ್ಡ ತಲೆನೋವಾಗಿತ್ತು. ಟ್ಯೂನಾ ದಣಿದ ಕೂಡಲೇ ಶಾರ್ಕ್‌ಗಳು ಮುತ್ತುತ್ತಿದ್ದವು, ಮೇಲೆ ಬರುತ್ತಿದ್ದದ್ದು ಬರೀ ತಲೆ. ಮೀನಿಗೆ ದಣಿಯಲು ಬಿಡದೆ, ಬಿಡುವೂ ಕೊಡದೆ ಎಳೆದು 1935ರಲ್ಲಿ ಬಿಮಿನಿಯಿಂದ ಇಡೀ ಟ್ಯೂನಾ ತಂದವನು ಲೇಖಕ ಅರ್ನೆಸ್ಟ್ ಹೆಮಿಂಗ್ವೇ. ಹಿಂದಿನ ವರ್ಷ ಬ್ರೂಕ್ಲಿನ್‌ನಲ್ಲಿ ಕಟ್ಟಿಸಿದ 38 ಅಡಿಯ 'ಪಿಲಾರ್' ಅವನ ದೋಣಿ. ಅದೇ 1935ರಲ್ಲಿ ಬಿಮಿನಿಗೆ ಹೊರಟಾಗ, ಗಾಳಕ್ಕೆ ಬಿದ್ದ ಶಾರ್ಕಿನ ಗಲಾಟೆಯ ನಡುವೆ ತನ್ನ ಪಿಸ್ತೂಲಿನಿಂದ ತನ್ನದೇ ಎರಡೂ ಕಾಲಿಗೆ ಗುಂಡು ತಾಗಿಸಿಕೊಂಡು ವಾಪಸಾಗಿದ್ದೂ ಇದೇ ಶೂರ.

ಪಿಲಾರ್‌ನ ದೋಣಿಗಾರ ಕಾರ್ಲೋಸ್ ಗುಟಿಯೆರೆಸ್ ಅವನಿಗೆ ಒಂದು ಘಟನೆ ಹೇಳಿದ್ದ. ಒಬ್ಬ ಮುದುಕ ಒಂಟಿಯಾಗಿ ಭಾರಿ ಮಾರ್ಲಿನ್ ಹಿಡಿದು ದೋಣಿಯ ಪಕ್ಕಕ್ಕೆ ಕಟ್ಟಿಕೊಂಡ, ಶಾರ್ಕ್‌ಗಳು ಅದನ್ನು ತಿಂದುಹಾಕಿದವು. ಹೆಮಿಂಗ್ವೇ ಅದನ್ನು 1936ರಲ್ಲಿ ಪತ್ರಿಕೆಯ ಲೇಖನವೊಂದರಲ್ಲಿ ಕೆಲವೇ ಸಾಲುಗಳಲ್ಲಿ ದಾಖಲಿಸಿದ. 1952ರಲ್ಲಿ ಅದು ಕಾದಂಬರಿಯಾಯಿತು. ಎರಡು ವರ್ಷದ ಬಳಿಕ ನೊಬೆಲ್ ಬಂತು. ಆ ಕಾದಂಬರಿಯ ಮುದುಕನಿಗೆ ಕೋಲಿಲ್ಲ, ರೀಲಿಲ್ಲ, ಕ್ಲಬ್ಬಿಲ್ಲ, ಇರುವುದು ಕೈಹಗ್ಗ. ಹೋಲ್ಡರ್ ಯಾವುದನ್ನು ಬಿಡಿಸಲು ಕ್ಲಬ್ ಕಟ್ಟಿದನೋ ಅದೇ ಸಾಧನ. ಆದರೆ ಅನ್ನಕ್ಕಾಗಿ ಹಗ್ಗ ಹಿಡಿದವನ ಒಂಟಿತನ ಬೇರೆ, ಹವ್ಯಾಸಿಯ ಒಂಟಿತನ ಬೇರೆ. ಎರಡನೆಯದಕ್ಕೆ ಕನಿಷ್ಠ ಮೂರು ಜನ ಬೇಕು: ಚುಕ್ಕಾಣಿಗೆ ಒಬ್ಬ, ಎರೆ ಕಟ್ಟಲು ಒಬ್ಬ, ಕುರ್ಚಿಯಲ್ಲಿ ಕೂರಲು ಒಬ್ಬ. ನೆಲಕ್ಕೆ ಬಿಗಿದ ಆ ತಿರುಗು ಕುರ್ಚಿಯನ್ನು ಜೊತೆಗಾರ ಮೀನಿನ ದಿಕ್ಕಿಗೆ ತಿರುಗಿಸಬಹುದು. ಕುರ್ಚಿಯ ಬೆನ್ನು ಮುಟ್ಟಬಹುದು, ಕೂತವನ ಕೋಲನ್ನು ಮುಟ್ಟಬಾರದು.

ಒಂದೊಂದು ಊರಿನಲ್ಲಿ ಒಂದೊಂದು ನಿಯಮವಿದ್ದರೆ ದಾಖಲೆಗೆ ಅರ್ಥವಿಲ್ಲವಲ್ಲ? ಬಟ್ಟೆ ಅಂಗಡಿಗಳ ಸರಣಿಯ ಒಡೆಯ ಮೈಕೆಲ್ ಲರ್ನರ್ ಮತ್ತು ಸಂಗಡಿಗರು 1939ರ ಜೂನ್ 7ರಂದು ನ್ಯೂಯಾರ್ಕಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಸೇರಿ ಅಂತರರಾಷ್ಟ್ರೀಯ ಸಂಘವೊಂದನ್ನು ಹುಟ್ಟುಹಾಕಿದರು. ಹೆಮಿಂಗ್ವೇ ಅದರ ಉಪಾಧ್ಯಕ್ಷನೂ ಆದ. ಆವಲಾನ್‌ನ ಹಳೆಯ ಷರತ್ತು ಹೀಗೆ ಜಗತ್ತಿನ ಷರತ್ತಾಯಿತು.

ತೂಕದ ಈ ಹುಚ್ಚು ಕಡಲಿಗೇ ಸೀಮಿತವಾಗಿರಲಿಲ್ಲ. ಭಾರತದ ಗಾಳಬೇಟೆಯ ಬಗ್ಗೆ ಹೆನ್ರಿ ಸಲಿವನ್ ಥಾಮಸ್ ಬರೆದ ಹೆಸರಾಂತ ಇಂಗ್ಲಿಷ್ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಕಾವೇರಿಯಲ್ಲಿ 1919ರಲ್ಲಿ ಸಿಕ್ಕ ಮಹಶೀರ್ 119 ಪೌಂಡ್. ಆ ದಾಖಲೆಯನ್ನು 1946ರಲ್ಲಿ ಕಬಿನಿಯಲ್ಲಿ ಮುರಿದದ್ದು ಮೈಸೂರಿನ ವಾನ್ ಇಂಗೆನ್ ಮನೆತನದವರು, ಹುಲಿ-ಚಿರತೆಗಳ ಚರ್ಮವನ್ನು ಜೀವಂತ ಪ್ರಾಣಿಯಂತೆ ನಿಲ್ಲಿಸುವುದರಲ್ಲಿ ಹೆಸರಾದವರು. ಅವರ ಮೀನು 120 ಪೌಂಡ್. ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ.

ಕಡಲಿನ ಶಿಖರ ಮುಟ್ಟಿದ್ದು 1953ರ ಆಗಸ್ಟ್ 4ರಂದು. ಪೆರು ದೇಶದ ಕಾಬೊ ಬ್ಲಾಂಕೊದ ಹೊರಗೆ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡ್, ಅಂದರೆ 700 ಕೆ.ಜಿ.ಗೂ ಮಿಗಿಲು. ತಗಲಿದ್ದು ಎರಡು ಗಂಟೆಗೂ ಕಡಿಮೆ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಹೆಮಿಂಗ್ವೇಯ ಮುದುಕನ ಕತೆ 1958ರಲ್ಲಿ ಚಲನಚಿತ್ರವಾದಾಗ ಗ್ಲಾಸೆಲ್‌ನ ಮಾರ್ಲಿನ್ ನೆಗೆಯುವ ದೃಶ್ಯಗಳನ್ನೇ ಅದರಲ್ಲಿ ಬಳಸಿಕೊಂಡರು.

ಗ್ಲಾಸೆಲ್‌ನ ದಾಖಲೆಯ ಮರುವರ್ಷ, 1954ರಲ್ಲಿ, ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿ ಫ್ರಾಂಕ್ ಮ್ಯಾಥರ್ ಹವ್ಯಾಸಿಗಳ ಕೈಗೆ ಸಣ್ಣ ಗುರುತುಪಟ್ಟಿಗಳನ್ನು ಕೊಟ್ಟು, ಹಿಡಿದ ಮೀನಿಗೆ ಚುಚ್ಚಿ ನೀರಿಗೆ ಬಿಡುವಂತೆ ಕೇಳಿಕೊಂಡ. ಮೀನು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಶುರುವಾದ ಈ ಏರ್ಪಾಟು ಆಟದ ಸ್ವಭಾವವನ್ನೇ ಕಲಕಿತು. ಇಂದು ಮಾರ್ಲಿನ್ ಸ್ಪರ್ಧೆಗಳು ಬಹುಪಾಲು ಬಿಡುವ ಸ್ಪರ್ಧೆಗಳೇ. ತಕ್ಕಡಿ ಇಲ್ಲವಾದ ಮೇಲೆ ಮೀನು ಸಿಕ್ಕಿತೆಂದು ತೀರ್ಮಾನಿಸುವುದು ಹೇಗೆ? ಎಷ್ಟೋ ಸ್ಪರ್ಧೆಗಳಲ್ಲಿ ಜೊತೆಗಾರನ ಕೈ ದಾರದ ತುದಿಯ ದಪ್ಪ ಎಳೆಯನ್ನು ಮುಟ್ಟಿದರೆ ಸಾಕು, ಮೀನು ಸಿಕ್ಕಿದಂತೆಯೇ ಲೆಕ್ಕ. ಕೈ ನಿಜವಾಗಿ ತಾಗಿತೇ ಎಂಬ ತಕರಾರು ಎದ್ದರೆ ದಡದಲ್ಲಿ ಕೂತ ತೀರ್ಪುಗಾರರು ದೋಣಿಯವರು ತೆಗೆದ ವಿಡಿಯೊ ತರಿಸಿ ನೋಡುತ್ತಾರೆ.