ಕದ್ರಿ ಗೋಪಾಲನಾಥರ ಉತ್ತರವಯಸ್ಸಿನ ಒಂದು ಧ್ವನಿಮುದ್ರಿಕೆ

ಕುಂದಾಪುರದ ಸೀಮೆಯ ಮದುವೆಯ ಚಪ್ಪರಗಳಲ್ಲಿ ಸ್ಯಾಕ್ಸೋಫೋನು ಮೊಳಗಿದರೆ ಇಂದು ಯಾರೂ ಬೆರಗಾಗರು. ಅಡಾಲ್ಫ್ ಸ್ಯಾಕ್ಸನೆಂಬ ಬೆಲ್ಜಿಯಂ ದೇಶದವನು 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯಕ್ಕೆ ಕರ್ಣಾಟಕ ಸಂಗೀತದ ಸಭೆಯಲ್ಲಿ ಪೀಠವನ್ನು ದೊರಕಿಸಿದವರು, ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು. ತಂದೆಯವರು ನಾಗಸ್ವರ ವಾದಕರು. ಮಗನಾದರೋ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತರು. ಕೀಲಿಯೊತ್ತಿದೊಡನೆ ಸ್ವರದಿಂದ ಸ್ವರಕ್ಕೆ ನೆಗೆಯುವ ಆ ಹಿತ್ತಾಳೆಯ ಕೊಳವೆಯಲ್ಲಿ ಗಮಕದ ಜಾರನ್ನು ತರುವುದು ಸಾಮಾನ್ಯವಾದ ಕೆಲಸವಲ್ಲ. ಉಸಿರು, ತುಟಿ, ಬೆರಳುಗಳ ದೀರ್ಘ ತಪಸ್ಸಿನಿಂದಲೇ ಅದು ಸಿದ್ಧಿಸಿತು.

1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದಂದಿನಿಂದ ಅವರ ಹೆಸರು ಹೊರನಾಡಿಗೂ ಹಬ್ಬಿತು. 1994ರ ‘ಡ್ಯುಯೆಟ್’ ಎಂಬ ತಮಿಳು ಚಲನಚಿತ್ರವು ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೂ ರಸಿಕರು ಹೆಚ್ಚಾಗಿ ಲಕ್ಷಿಸಬೇಕಾದುದು ಅವರ ಅರುವತ್ತರ ಹೊಸ್ತಿಲಿನ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, ಎಂಬ 2008ರ ಮುದ್ರಿಕೆಯೇ. ಅದರಲ್ಲಿ ಜೊತೆಗಾರರು ಕನ್ನಡನಾಡಿನ ಮೂಲದ ತಂದೆತಾಯಿಗಳಿಗೆ ಜನಿಸಿ ಅಮೆರಿಕದಲ್ಲಿ ಬೆಳೆದ ರುದ್ರೇಶ ಮಹಂತಪ್ಪನವರು. ವಿದ್ಯಾರ್ಥಿಯಾಗಿದ್ದಾಗ ಅಣ್ಣನು ಪರಿಹಾಸಕ್ಕೆಂದು ಕೊಟ್ಟ ಗೋಪಾಲನಾಥರ ಮುದ್ರಿಕೆಯೊಂದು ಆ ತರುಣನಿಗೆ ಪರಿಹಾಸವಾಗಿ ಉಳಿಯಲಿಲ್ಲ! ಈ ಸಂಗಮದಲ್ಲಿ ಕನ್ಯಾಕುಮಾರಿಯವರ ಪಿಟೀಲೂ ಪೂವಲೂರು ಶ್ರೀಜಿಯವರ ಮೃದಂಗವೂ ಗಿಟಾರು, ಡ್ರಮ್ಮುಗಳೊಡನೆ ಕೂಡಿವೆ. ಹಿರಿಯರು ಜಾಝಿನ ವೇಷ ತೊಡುವುದಿಲ್ಲ. ರಾಗದ ಅಂಗಳದಲ್ಲಿಯೇ ನಿಂತು ಕಿರಿಯರನ್ನು ಬರಮಾಡಿಕೊಳ್ಳುತ್ತಾರೆ. ಕಿರಿಯರೂ ಕರ್ಣಾಟಕ ವಿದ್ವಾಂಸರ ಸೋಗು ಹಾಕುವುದಿಲ್ಲ. ಒಂದೇ ವಾದ್ಯದ ಎರಡು ಕೊರಳುಗಳು ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.